ಗೊಂಚಲಿಗೆ ಎಂಟೇ ಹೂವು

ಜಾವಳಿ
12-11-2002

ಜಲಜಾ,

ಇಲ್ಲಿ ಎಲ್ಲರೂ ಕ್ಷೇಮ, ನನ್ನ ಹೊಟ್ಟೆಯೊಂದನ್ನು ಬಿಟ್ಟು. ಅದು ಉರಿಯುತ್ತಿದೆ. ಮದ್ದು ಕೇಳಲು ಬರೆಯುತ್ತಿಲ್ಲ. ಉರಿಸುತ್ತಿರುವವಳು ನೀನೇ ಎಂದು ಹೇಳಲು ಬರೆಯುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿರುವುದು ಜಗಲಿಯಲ್ಲಿ, ಅದರ ಪಕ್ಕದಲ್ಲೇ ಅತ್ತೆ ಕೂತು ಅಡಿಕೆ ಕತ್ತರಿಸುತ್ತಾರೆ. ನಮ್ಮಿಬ್ಬರ ಜಗಳ ಅವರಿಗೆ ಧಾರಾವಾಹಿಯಾಗುವುದು ಬೇಡ.

ದೀಪಾವಳಿಗೆ ಕವನಾ ಬಂದು ಹೋದಳಲ್ಲ, ಇದ್ದಷ್ಟು ದಿನವೂ ಅವಳ ಬಾಯಲ್ಲಿ ಒಂದೇ ಮಂತ್ರ. ಕಡುಬು ಮಾಡಿದರೆ, "ಚಿಕ್ಕಿ ಅರಿಶಿನದ ಎಲೇಲಿ ಮಾಡ್ತಾಳೆ ಅಮ್ಮ, ಎಷ್ಟು ಘಮ ಗೊತ್ತಾ." ತಲೆಗೆ ಎಣ್ಣೆ ಹಚ್ಚಲು ಕರೆದರೆ, "ಚಿಕ್ಕಿ ಬೇರೆ ಥರ ಹಚ್ತಾಳೆ." ನಾನು ಹೆತ್ತ ಮಗಳ ತಲೆಗೆ ಎಣ್ಣೆ ಹಚ್ಚಲು ನಿನ್ನ ಬಳಿ ಟ್ರೈನಿಂಗಿಗೆ ಬರಬೇಕು ಎಂದಾಯಿತು. ಕಾಲೇಜಿಗೆಂದು ನಿನ್ನ ಮನೆಯಲ್ಲಿ ಬಿಟ್ಟೆ. ಡಿಗ್ರಿ ಮುಗಿದು ಆರು ತಿಂಗಳಾಯಿತು, ಇನ್ನೂ ಅಲ್ಲೇ ಇದ್ದಾಳೆ.

ಹೊರಡುವ ಹಿಂದಿನ ದಿನ ನರ್ಸರಿಯಲ್ಲಿ ನನ್ನ ಜೊತೆ ಕೂತಿದ್ದಳು. ನಾನು ಸಸಿಯ ಬುಡದ ಕಳೆ ಕೀಳುತ್ತಿದ್ದೆ. ಇದ್ದಕ್ಕಿದ್ದಂತೆ ಕೇಳಿದಳು, "ಅಮ್ಮ, ಚಿಕ್ಕಿ ಎಷ್ಟೊಂದು ಕೆಲಸ ಮಾಡಿದಾಳೆ. ನೀನು ಇದೊಂದನ್ನೇ ಮಾಡ್ಕೊಂಡು ಹೆಂಗಿದ್ದೀ? ಬೇಜಾರಾಗಲ್ವಾ?"

ಮದುವೆಯಾಗಿ ಬಂದಾಗಿನಿಂದ ಕಾಫಿ ಸಸಿ ಮಾಡುತ್ತಿದ್ದೇನೆ. ಬಾಳೂರಿನಿಂದ ಜೀಪು ಮಾಡಿಕೊಂಡು ಬಂದು ಸಸಿ ಒಯ್ಯುವವರು ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಕಳೆಯ ಜೊತೆ ಒಂದು ಒಳ್ಳೆಯ ಸಸಿಯನ್ನೂ ಕಿತ್ತುಬಿಟ್ಟೆ.

ಆಮೇಲೆ ನಿಧಾನಕ್ಕೆ ಧಾರವಾಡದ ವಿಷಯ ತೆಗೆದಳು. ಯಾವುದೋ ಸಂಸ್ಥೆಯಂತೆ, ಊರೂರು ತಿರುಗಿ ಹಳೇ ಬಿತ್ತನೆ ಬೀಜ ಹುಡುಕಿ ಕೂಡಿಡುವ ಕೆಲಸವಂತೆ, ಆರು ತಿಂಗಳಿಗೊಂದು ಜಿಲ್ಲೆಯಂತೆ. ಬೀಜ ನೋಡಲು ಧಾರವಾಡಕ್ಕೆ ಹೋಗಬೇಕೇ? ನಮ್ಮ ಮನೆಯಲ್ಲಿ ಇನ್ನೇನಿದೆ? ಈ ನರ್ಸರಿಯನ್ನು ನಾನು ಯಾರಿಗಾಗಿ ಇಟ್ಟುಕೊಂಡಿದ್ದೇನೆ?

ನೀನು ಮಾಡಿದ ಕೆಲಸಗಳನ್ನೇ ನೋಡು: ಕಾನ್ವೆಂಟಿನಲ್ಲಿ ಟೀಚರು, ಹಾಸನದಲ್ಲಿ ವಕೀಲರ ಟೈಪಿಸ್ಟು, ರೇಡಿಯೋ ನಾಟಕದಲ್ಲಿ ಅತ್ತೆಯ ದನಿ, ಶಿರಸಿಯಲ್ಲಿ ಮೂರು ತಿಂಗಳು ವೆನಿಲ್ಲಾ ಬಳ್ಳಿ ಬೆಳೆಸುವ ಕಲಿಕೆ, ಈಗ ಪ್ರೆಸ್ಸಿನಲ್ಲಿ ಬೇರೆಯವರ ತಪ್ಪು ತಿದ್ದುವುದು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ಅಪ್ಪ ಹೇಳುತ್ತಿದ್ದುದು ನನಗೊಬ್ಬಳಿಗೇ ಏನು? ನೀನಾಗ ಎಲ್ಲಿಗೆ ಹೋಗಿದ್ದೆ?

ಅವಳನ್ನು ನನ್ನ ಬಳಿಗೆ ಕಳಿಸು. ಅಷ್ಟೇ ನಾನು ಕೇಳುವುದು.

ನಿನ್ನ ಅಕ್ಕ
ಪ್ರೇಮಕುಮಾರಿ


ಚಿಕ್ಕಮಗಳೂರು
24-11-2002

ಅಕ್ಕಾ,

ದೇಶ ಸುತ್ತು ಕೋಶ ಓದು ಎಂದು ಹೇಳಿದ್ದೂ ಅಪ್ಪನೇ. ನೀನಾಗ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದೆ.

ನಿನ್ನ ಮಗಳನ್ನು ನಾನು ಕಟ್ಟಿ ಹಾಕಿಲ್ಲ. ಧಾರವಾಡದ ಸುದ್ದಿಯನ್ನು ಪೇಪರಿನಲ್ಲಿ ಕಂಡು ಅರ್ಜಿ ಹಾಕಿದ್ದು ಅವಳೇ. ನಾನು ಅಂಚೆಚೀಟಿ ಕೊಟ್ಟೆ, ಅದು ಅಪರಾಧವಾದರೆ ಒಪ್ಪಿಕೊಳ್ಳುತ್ತೇನೆ.

ಉರಿ ನಿನ್ನ ಹೊಟ್ಟೆಯಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡ. ಹೋದ ತಿಂಗಳು ಮೂಡಿಗೆರೆಯ ಒಂದು ಮದುವೆಗೆ ಹೋಗಿದ್ದೆ. ಹುಡುಗಿಯ ಕಡೆಯವರೊಬ್ಬರು ನನ್ನನ್ನು ಯಾರೆಂದು ಕೇಳಿದರು. ನನ್ನ ಗುರುತಿನವರು ಒಂದು ಗಳಿಗೆ ತಡವರಿಸಿದರು. ಟೀಚರು ಎನ್ನಲೋ, ಪ್ರೆಸ್ಸಿನವರು ಎನ್ನಲೋ ಎಂದು ಅವರಿಗೇ ಗೊತ್ತಾಗಲಿಲ್ಲ. ಕೊನೆಗೆ, "ಸಸಿ ಪ್ರೇಮಕ್ಕ ಇಲ್ವಾ ಜಾವಳೀದು, ಅವ್ರ ತಂಗಿ" ಎಂದರು. ಕೇಳಿದವರ ಮುಖ ಅರಳಿತು. "ಓ, ಪ್ರೇಮಕ್ಕನ ತಂಗಿಯಾ! ಬನ್ನಿ ಬನ್ನಿ, ಊಟಕ್ಕೆ ಕೂತ್ಕೊಳ್ಳಿ." ಅವತ್ತು ನಿನ್ನ ಹೆಸರಿನ ಮೇಲೆ ಹೋಳಿಗೆ ತಿಂದು ಬಂದೆ. ಇಷ್ಟು ಕಡೆ ತಿರುಗಿ ಇಷ್ಟು ಕಲಿತು, ನನ್ನ ಹೆಸರಿನ ಹಿಂದೆ ಇಡಲು ಜನಕ್ಕೆ ಒಂದು ಪದ ಸಿಗುವುದಿಲ್ಲ.

ನೀವು ಮನೆ ಹಿಂದೆ ಹಾಕಿದ ವೆನಿಲ್ಲಾ ಈ ವರ್ಷ ಮೊದಲ ಸಲ ಹೂ ಬಿಡಬಹುದು ಎಂದು ಕವನಾ ಹೇಳಿದಳು. ಆ ಹೂವಿಗೆ ನಮ್ಮ ಕಡೆಯ ಜೇನು ಪ್ರಯೋಜನವಿಲ್ಲ. ಒಂದೊಂದಕ್ಕೂ ಕೈಯಿಂದಲೇ ಪರಾಗ ಮುಟ್ಟಿಸಬೇಕು, ಅದೂ ಅರಳಿದ ದಿನವೇ, ಮಧ್ಯಾಹ್ನದೊಳಗೆ. ಫೆಬ್ರವರಿಯಲ್ಲಿ ರಜೆ ಹಾಕಿ ನಾನೂ ಅವಳೂ ಬರುತ್ತೇವೆ. ನೀನು ಆಡಿಕೊಂಡ ಆ ಶಿರಸಿಯ ಮೂರು ತಿಂಗಳು ನಿನ್ನ ಮನೆಗಾದರೂ ಉಪಯೋಗಕ್ಕೆ ಬರಲಿ.

ಭಾವನಿಗೂ ರಂಗಮ್ಮತ್ತೆಗೂ ನಮಸ್ಕಾರ ಹೇಳು.

ನಿನ್ನ
ಜಲಜಾಕ್ಷಿ


ಜಾವಳಿ
9-3-2003

ಜಲಜಾ,

ನೀವಿಬ್ಬರೂ ತಿಂಡಿ ತಿನ್ನದೆ ಬಸ್ಸು ಹತ್ತಿದಿರಿ. ಅತ್ತೆ ಅದನ್ನೇ ಹಿಡಿದುಕೊಂಡು ಇವತ್ತಿಗೂ ಬಿಟ್ಟಿಲ್ಲ. "ತಂಗೀನ ಬರೀ ಹೊಟ್ಟೇಲಿ ಕಳ್ಸಿದ್ಯಲ್ಲೇ, ಏನಾಗಿತ್ತು ನಿಂಗೆ?" ಏನಾಗಿತ್ತು ಎಂದು ಅವರಿಗೆ ಹೇಳಲಾಗುವುದಿಲ್ಲ. ನಿನಗೆ ಹೇಳುತ್ತೇನೆ.

ಮೊದಲ ದಿನ ಬೆಳಿಗ್ಗೆ ನೀನು ಕವನಾಳ ಕೈ ಹಿಡಿದು ತೋರಿಸುತ್ತಿದ್ದೆ. ಊದುಬತ್ತಿಯ ಕಡ್ಡಿಯಿಂದ ಹೂವಿನೊಳಗಿನ ಪೊರೆಯನ್ನು ಎತ್ತು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತು, ಆಯಿತು, ಮುಂದಿನದು. ನಾನು ಹಲಸಿನ ಮರದ ಹಿಂದೆ ಕಾಫಿ ಲೋಟ ಹಿಡಿದುಕೊಂಡು ನಿಂತಿದ್ದೆ. ನಿಮ್ಮಿಬ್ಬರಿಗೂ ತಂದದ್ದು. ಅವಳು ಆರು ವರ್ಷದವಳಿದ್ದಾಗ ನಾನು ಹೀಗೆಯೇ ಕೈ ಹಿಡಿದು ಕಾಫಿ ಬೀಜ ಊರುವುದನ್ನು ಕಲಿಸಿದ್ದೆ, ಚಪ್ಪಟೆ ಬದಿ ಕೆಳಗಿರಬೇಕು ಮಗಾ ಎಂದು. ಈಗ ಅದೇ ಕೈ ನಿನ್ನ ಕೈಯಲ್ಲಿ. ಅವಳು ನಗುತ್ತಿದ್ದಳು. ಕಾಫಿ ತಣ್ಣಗಾಯಿತು, ನಾನೇ ಕುಡಿದೆ, ಎರಡೂ ಲೋಟ.

ಅದೂ ಹೋಗಲಿ. ಹೊರಡುವ ದಿನ ಬೆಳಿಗ್ಗೆ, ಗೊಂಚಲಿಗೆ ಎಂಟು ಹೂವು ಮುಗಿದ ಮೇಲೆ, ನೀನು ತುದಿಯ ಮೊಗ್ಗನ್ನು ಚಿವುಟಿ ಎಸೆಯಲು ಹೇಳಿದೆಯಲ್ಲ, ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ನಾವು ಕಾಫಿ ಮನೆಯಲ್ಲಿ ಹುಟ್ಟಿದವರು. ಹೂಮಳೆ ಬಂದು ತೋಟವೆಲ್ಲ ಬೆಳ್ಳಗಾದಾಗ ಚಪ್ಪಲಿ ಬಿಟ್ಟು ತೋಟಕ್ಕಿಳಿಯುತ್ತಿದ್ದ ಅಪ್ಪನ ಮಕ್ಕಳು. ಹೂ ಬಿಟ್ಟ ಗಿಡದ ಹತ್ತಿರ ಸೆರಗು ತಾಗಿಸಿದರೂ ಬೈಸಿಕೊಂಡವರು. ನೀನು ಮೊಗ್ಗು ಚಿವುಟಿಸುತ್ತೀಯ, ನನ್ನ ಮಗಳ ಕೈಯಲ್ಲಿ!

"ಎಂಟಕ್ಕಿಂತ ಹೆಚ್ಚು ಬಿಟ್ರೆ ಬಳ್ಳಿ ತಡೆಯಲ್ಲ ಅಕ್ಕ" ಎಂದೆ ನೀನು.

"ಮೂರು ತಿಂಗಳು ಕಲ್ತೋಳು ನಂಗೆ ಗಿಡದ ವಿಷ್ಯ ಹೇಳ್ಬೇಡ" ಎಂದೆ ನಾನು. ಜೋರಾಗಿಯೇ ಎಂದೆ. ಕೆಲಸದ ಹೆಂಗಸರು ತಿರುಗಿ ನೋಡಿದರು.

ಆಗ ಕವನಾ ನಡುವೆ ಬಂದು ಆ ಮಾತು ಹೇಳಿದ್ದು. "ಜಗಳ ಬ್ಯಾಡ. ಕೆಳಗಿನ ಸಾಲುಗಳು ನಂದು, ಮೇಲಿನವು ಅಮ್ಮಂದು. ಜುಲೈ ಹೊತ್ತಿಗೆ ಅಮ್ಮನ ಬಳ್ಳಿ ಚೆನ್ನಾಗಿದ್ರೆ ನಾನು ಮನೆಗೆ ಬಂದು ನರ್ಸರಿ ನೋಡ್ಕೋತೀನಿ. ನಂದು ಚೆನ್ನಾಗಿದ್ರೆ ಅಮ್ಮ ನನ್ನ ಧಾರವಾಡಕ್ಕೆ ಕಳಿಸ್ಬೇಕು, ನಗ್ತಾ ಕಳಿಸ್ಬೇಕು." ಅವಳು ತಮಾಷೆಗೆ ಹೇಳಿದಳೋ ನಿಜಕ್ಕೋ ಗೊತ್ತಿಲ್ಲ. ನಾನು ನಿಜಕ್ಕೇ ತೆಗೆದುಕೊಂಡಿದ್ದೇನೆ.

ಆಮೇಲೂ ಏನೋ ಅಂದೆ, ನೀನೂ ಅಂದೆ, ಬಸ್ಸಿನ ಹೊತ್ತಾಯಿತು.

ನೀವು ಹೋದ ಮೇಲೆ ಮೇಲಿನ ಸಾಲುಗಳಲ್ಲಿ ಒಂದು ಹೂವನ್ನೂ ಬಿಟ್ಟಿಲ್ಲ. ಬೆಳಗಾದರೆ ಕಡ್ಡಿ ಹಿಡಿದು ಹೋಗುತ್ತೇನೆ. ಕುತ್ತಿಗೆ ಹಿಡಿದುಕೊಂಡಿದೆ. ಗೊಂಚಲಿಗೆ ಇಪ್ಪತ್ತಿದ್ದರೆ ಇಪ್ಪತ್ತೂ ಕಾಯಿ ಕಚ್ಚಿವೆ. ನೀನು ತಿರುಗಿದ ಊರುಗಳನ್ನು ನಾನು ನೋಡಿಲ್ಲ ನಿಜ. ಗಿಡ ನೋಡಿದ್ದೇನೆ.

ಪ್ರೇಮಕುಮಾರಿ


ಚಿಕ್ಕಮಗಳೂರು
20-3-2003

ಅಕ್ಕಾ,

ಒಂದೇ ಸಲ ಹೇಳುತ್ತೇನೆ, ಮತ್ತೆ ಹೇಳುವುದಿಲ್ಲ. ಕಾಫಿಗೆ ಮಳೆ ಬಂದರೆ ಎಲ್ಲ ಹೂವೂ ಒಟ್ಟಿಗೆ ಅರಳುತ್ತದೆ, ಗಿಡ ತಡೆದುಕೊಳ್ಳುತ್ತದೆ. ಇದು ಬಳ್ಳಿ. ಕೊಟ್ಟಷ್ಟನ್ನೂ ಹೊರುತ್ತದೆ, ಆಮೇಲೆ ಕುಸಿದು ಕೂರುತ್ತದೆ. ಇದು ನನ್ನ ಬುದ್ಧಿಯಲ್ಲ, ಶಿರಸಿಯಲ್ಲಿ ಬಳ್ಳಿ ಕಳೆದುಕೊಂಡವರು ಹೇಳಿದ್ದು.

ಕವನಾ ಮಾತು ಕೊಟ್ಟಿದ್ದು ನಿಜಕ್ಕೇ. ಕೇಳಿದೆ. "ಅಮ್ಮಂಗೂ ಒಂದು ಅವಕಾಶ ಕೊಡ್ಬೇಕಲ್ಲ ಚಿಕ್ಕಿ" ಎಂದಳು. ಧಾರವಾಡದಿಂದ ಉತ್ತರ ಬಂದಿದೆ. ಆಗಸ್ಟ್ ಒಂದಕ್ಕೆ ಹಾಜರಾಗಬೇಕು.

ನೀನು ಹೇಳಿದ ಕೊನೆಯ ಮಾತು, "ನಿಂಗೆ ನಿಂದು ಅಂತ ಒಂದೂ ಇಲ್ಲ, ಅದಕ್ಕೆ ನಂದರ ಮೇಲೆ ಕಣ್ಣು" ಎಂದದ್ದು, ಬಸ್ಸಿನಲ್ಲಿ ಮೂಡಿಗೆರೆಯವರೆಗೂ ಕಿವಿಯಲ್ಲಿತ್ತು. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಇದ್ದಿದ್ದರೆ ತಿಂಡಿ ತಿಂದೇ ಹೊರಡುತ್ತಿದ್ದೆ.

ಜಲಜಾಕ್ಷಿ


ಜಾವಳಿ
15-6-2003

ಜಲಜಾ,

ಬೇಕೆಂದೇ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಪೋಸ್ಟ್‌ಮ್ಯಾನ್ ಓದಿದರೂ ಓದಲಿ. ಗೋಣಿಬೀಡಿನ ಮೆಣಸು ವ್ಯಾಪಾರಿ ಇನಾಯತುಲ್ಲಾ ಅವರು ನಿನ್ನೆ ವೆನಿಲ್ಲಾ ನೋಡಲು ಬಂದಿದ್ದರು. ಮೇಲಿನ ಸಾಲಿನ ಮುಂದೆ ನಿಂತು, "ಏನ್ ಪ್ರೇಮಕ್ಕಾ, ಬಾಳೆಗೊನೆ ಕಟ್ಟಿದಂಗೆ ಕಟ್ಟಿದ್ದೀರಲ್ಲ! ಈ ಸೀಮೇಲೇ ಹಿಂಗೆ ನೋಡಿಲ್ಲ ನಾನು" ಎಂದರು. ಕೆಳಗಿನ ಸಾಲು ತೋರಿಸಿದೆ. "ಇದೂ ಪರ್ವಾಗಿಲ್ಲ" ಎಂದರು. ಪರವಾಗಿಲ್ಲ ಎಂದರು, ಕೇಳಿತೇ? ಬಳ್ಳಿ ಹಸಿರಾಗಿದೆ. ಕವನಾಳಿಗೆ ಹೇಳು, ಕೋಣೆಗೆ ಸುಣ್ಣ ಹೊಡೆಸುತ್ತಿದ್ದೇನೆ. ಕಿಟಕಿಗೆ ಯಾವ ಬಣ್ಣ ಬೇಕು ಎಂದು ಬರೆಯಲಿ.

ಪ್ರೇಮಕುಮಾರಿ


ಚಿಕ್ಕಮಗಳೂರು
27-6-2003

ಅಕ್ಕಾ,

ನೀನು ಗೆದ್ದೆ. ಕಾರ್ಡನ್ನು ಕವನಾ ಎರಡು ಸಲ ಓದಿದಳು. ಅಳಲಿಲ್ಲ. "ಇನಾಯತಣ್ಣ ಸುಳ್ಳು ಹೇಳಲ್ಲ" ಎಂದಳು. ಕಿಟಕಿಗೆ ನೀಲಿ ಬಣ್ಣ ಇರಲಿ ಎಂದಳು. ಟ್ರಂಕು ಕೆಳಗಿಳಿಸಿ ಬಟ್ಟೆ ತುಂಬಿಟ್ಟಿದ್ದಾಳೆ. ಜುಲೈ ಕೊನೆಗೆ ಕಳಿಸುತ್ತೇನೆ.

ಧಾರವಾಡಕ್ಕೆ ಬರಲಾಗುವುದಿಲ್ಲ ಎಂದು ಪತ್ರ ಬರೆದು ಅಂಚೆಗೆ ಹಾಕಲು ನನಗೆ ಕೊಟ್ಟಿದ್ದಾಳೆ. ನನ್ನ ಚೀಲದಲ್ಲಿದೆ. ದಿನಾ ಪ್ರೆಸ್ಸಿಗೆ ಹೋಗುವಾಗ ಡಬ್ಬದ ಮುಂದೆಯೇ ಹಾಯುತ್ತೇನೆ, ದಿನಾ ಮರೆಯುತ್ತೇನೆ. ವಯಸ್ಸಾಯಿತು ನೋಡು.

ನಿನ್ನ ಮೇಲೆ ನನಗೆಷ್ಟು ಹೊಟ್ಟೆಕಿಚ್ಚಾಗುತ್ತಿದೆ ಎಂದರೆ, ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳುವುದನ್ನು ನೋಡಲು ಆಗುವುದಿಲ್ಲ. ನಿನಗೆ ಮನೆಯಿದೆ, ತೋಟವಿದೆ, ಹೆಸರಿದೆ. ನನ್ನ ಮನೆಯಲ್ಲಿ ಇದೊಂದು ಹುಡುಗಿಯ ಓಡಾಟವಿತ್ತು. ಅದನ್ನೂ ಒಂದು ಬಳ್ಳಿ ಕಟ್ಟಿ ಎಳೆದುಕೊಂಡೆ.

ಹೋಗಲಿ ಬಿಡು. ನನ್ನದು ಎಂದು ಯಾವುದನ್ನೂ ಇಟ್ಟುಕೊಂಡವಳಲ್ಲ ನಾನು. ನೀನೇ ಹೇಳಿದ್ದಲ್ಲವೇ?

ಜಲಜಾಕ್ಷಿ


ಜಾವಳಿ
16-7-2003

ಜಲಜಾ,

ಬಳ್ಳಿ ಹಳದಿಯಾಗಿದೆ.

ಜುಲೈ ಮೊದಲ ವಾರದಲ್ಲೇ ಬುಡದ ಎಲೆ ಬಣ್ಣ ತಿರುಗಿತ್ತು. ಮಳೆಗೆ ಹೀಗಾಗುತ್ತದೆ ಎಂದುಕೊಂಡೆ. ಆಮೇಲೆ ಹಳದಿ ಮೇಲೇರಿತು. ಕೋಡುಗಳು ಹುರುಳಿಕಾಯಿಯಷ್ಟು ಸಪೂರಕ್ಕೆ ನಿಂತುಬಿಟ್ಟಿವೆ. ಕೆಲವು ಗೊಂಚಲು ತೊಟ್ಟಿನಲ್ಲೇ ಸುಕ್ಕಾಗಿವೆ. ಅತ್ತೆ ಕೋಲೂರಿಕೊಂಡು ಬಂದು ನೋಡಿ, "ಹತ್ತು ಹೆತ್ತು ಹಾಲಿಲ್ದೋಳ ಥರ ಆಗಿದೆಯಲ್ಲೇ ಇದು" ಎಂದರು. ಕೆಳಗೆ ಕವನಾಳ ಸಾಲು ಕಪ್ಪು ಹಸಿರಾಗಿದೆ. ಗೊಂಚಲಿಗೆ ಎಂಟು ಕೋಡು, ಒಂದೊಂದೂ ಬೆರಳಿನ ದಪ್ಪ.

ಇದು ನನಗೂ ಅತ್ತೆಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಿನ್ನ ಭಾವ ಮಳೆಗಾಲದಲ್ಲಿ ಆ ಕಡೆ ಹಾಯುವುದಿಲ್ಲ. ಇನಾಯತುಲ್ಲಾ ಅವರು ಇನ್ನು ಬರುವುದು ಕೊಯ್ಲಿಗೆ. ಬಾಯಿ ಮುಚ್ಚಿಕೊಂಡು ಹದಿನೈದು ದಿನ ಕೂತಿದ್ದರೆ ಆಗಸ್ಟ್ ಒಂದು ದಾಟಿಹೋಗುತ್ತಿತ್ತು. ಕೂತಿದ್ದೆ ಕೂಡ. ಕಿಟಕಿಗೆ ನೀಲಿ ಬಣ್ಣ ಹೊಡೆಸಿದೆ. ಅವಳಿಗೆಂದು ಹಲಸಿನ ಹಪ್ಪಳ ಡಬ್ಬಿಗೆ ಹಾಕಿಟ್ಟೆ. ಹಾಸಿಗೆಗೆ ಹೊಸ ಹತ್ತಿ ತುಂಬಿಸಿದೆ. ರಾಣಿಯಂತೆ ಓಡಾಡಿದೆ, ಜಲಜಾ. ಗೆದ್ದವಳು ನಾನು ತಾನೇ.

ಮೊನ್ನೆ ಆ ಹಾಸಿಗೆಯ ಮೇಲೆ ಸುಮ್ಮನೆ ಕೂತಿದ್ದೆ. ಆ ಕಿಟಕಿಯಿಂದ ನೋಡಿದರೆ ಎದುರಿಗೇ ವೆನಿಲ್ಲಾ ಕಾಣುತ್ತದೆ. ಅವಳು ಬಂದ ಮೊದಲ ಬೆಳಿಗ್ಗೆಯೇ ಇಲ್ಲಿ ನಿಂತು ನೋಡುತ್ತಾಳೆ, ನೋಡಿದರೆ ಗೊತ್ತಾಗುತ್ತದೆ. ಗೊತ್ತಾದರೂ ಏನೂ ಅನ್ನುವುದಿಲ್ಲ. ಅವಳ ಸ್ವಭಾವ ನಿನಗೂ ಗೊತ್ತು. ತಲೆ ಬಗ್ಗಿಸಿಕೊಂಡು ನರ್ಸರಿಗೆ ಹೋಗುತ್ತಾಳೆ, ಸಾಯುವವರೆಗೂ ಹೋಗುತ್ತಾಳೆ. ಅವಳು ಕೂಗಾಡಿದರೆ ತಡೆದುಕೊಳ್ಳುತ್ತೇನೆ. ಸುಮ್ಮನಿದ್ದರೆ ನನ್ನಿಂದಾಗದು.

ಕತ್ತಿ ತೆಗೆದುಕೊಂಡು ಮಳೆಯಲ್ಲೇ ಹೋದೆ. ಗೊಂಚಲಿಗೆ ಎಂಟು ಬಿಟ್ಟು ಉಳಿದ ಕೋಡುಗಳನ್ನೆಲ್ಲ ಕೊಯ್ದು ಹಾಕಿದೆ. ತೀರಾ ಸೋತ ಬಳ್ಳಿಯಲ್ಲಿ ಅದನ್ನೂ ಉಳಿಸಲಿಲ್ಲ. ಮೊದಲ ಗೊಂಚಲಿಗೆ ಕೈ ಬರಲಿಲ್ಲ. ಫಲ ಕಿತ್ತು ಎಸೆದವಳಲ್ಲ ನಾನು ಯಾವತ್ತೂ. ಮಂಕರಿ ಮಂಕರಿ ತುಂಬಿತು. ಗೊಬ್ಬರದ ಗುಂಡಿಗೆ ಸುರಿದು ಬಂದು ಸ್ನಾನ ಮಾಡಿದೆ, ಆಮೇಲೆ ಅತ್ತೆ. ಜಗಲಿಯಲ್ಲಿ ಅತ್ತೆಯ ಕಾಲ ಬಳಿ ಕೂತು ಕಣ್ಣೀರು ಹಾಕಿದೆ ಎಂದು ಓದಿಕೋ. ಅವರು ಅಡಿಕೆ ಕತ್ತರಿಸುತ್ತಲೇ ಇದ್ದರು, ನಡುವೆ ಒಮ್ಮೆ ತಲೆ ಸವರಿದರು.

ಬಳ್ಳಿ ಬದುಕುತ್ತದೋ ಇಲ್ಲವೋ ಗೊತ್ತಿಲ್ಲ. ಬುಡಕ್ಕೆ ತರಗೆಲೆ ಹಾಕಿದ್ದೇನೆ. ಇನ್ನೇನು ಮಾಡಬೇಕು ಎಂದು ಬರೆ. ಹೌದು, ಮೂರು ತಿಂಗಳು ಕಲಿತವಳನ್ನು ಕೇಳುತ್ತಿದ್ದೇನೆ.

ಧಾರವಾಡದ ಆ ಪತ್ರವನ್ನು ಅಂಚೆಗೆ ಹಾಕಲು ನೀನು ಮರೆತದ್ದು ಒಳ್ಳೆಯದೇ ಆಯಿತು, ಹರಿದು ಹಾಕು. ಅವಳ ಟ್ರಂಕು ಬಿಚ್ಚಿಸಬೇಡ. ಬಟ್ಟೆ ತುಂಬಿಯೇ ಇದೆಯಲ್ಲ, ಬಸ್ಸು ಬದಲಿಸಿದರೆ ಸಾಕು. ನಗುತ್ತಾ ಕಳಿಸಬೇಕು ಎಂಬುದೂ ಮಾತಿನಲ್ಲಿತ್ತು. ಅದು ನನ್ನಿಂದ ಆಗುವ ಹಾಗೆ ಕಾಣುವುದಿಲ್ಲ. ಅದಕ್ಕೇ ನಾನು ಬಸ್‌ಸ್ಟ್ಯಾಂಡಿಗೆ ಬರುವುದಿಲ್ಲ, ನನ್ನ ಪರವಾಗಿ ನೀನು ನಗು. ಹೊಟ್ಟೆಯುರಿ ಹೋಯಿತು ಎಂದುಕೊಳ್ಳಬೇಡ. ಇದನ್ನು ಬರೆಯುವಾಗಲೂ ಇದೆ. ಅವಳನ್ನು ಬಸ್ಸು ಹತ್ತಿಸುವ ಪುಣ್ಯವೂ ನಿನಗೇ ಬಂತಲ್ಲ.

ಹಪ್ಪಳದ ಡಬ್ಬಿ ನಾಳೆಯ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತೇನೆ. ಅವಳಿಗೆ ಕೊಡು. ನೀನೂ ನಾಲ್ಕು ಇಟ್ಟುಕೋ.

ನಿನ್ನ
ಅಕ್ಕ


ಚಿಕ್ಕಮಗಳೂರು
1-8-2003

ಅಕ್ಕಾ,

ಕವನಾ ನಿನ್ನೆ ಬೆಳಿಗ್ಗೆ ಹುಬ್ಬಳ್ಳಿ ಬಸ್ಸಿಗೆ ಹೋದಳು. ಈ ಹೊತ್ತಿಗೆ ಧಾರವಾಡದಲ್ಲಿ ಹಾಜರಿ ಹಾಕಿರುತ್ತಾಳೆ.

ನಿನ್ನ ಪತ್ರವನ್ನು ಅವಳಿಗೇ ಕೊಟ್ಟೆ. ಓದಿ ಹಿತ್ತಲಿಗೆ ಹೋದಳು, ಬಹಳ ಹೊತ್ತು ಒಳಗೆ ಬರಲಿಲ್ಲ. ಹೋಗಿ ನೋಡಿದರೆ ಮಳೆ ನಿಂತ ಹಿತ್ತಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಅವರೆ ಬೀಜ ಊರುತ್ತಿದ್ದಳು, ನಾನು ಹೋದ ಮೇಲೆ ನಿನಗೆ ಸಾರಿಗಾಗುತ್ತದೆ ಚಿಕ್ಕಿ ಎಂದು. ಪ್ರತಿಯೊಂದು ಬೀಜವನ್ನೂ ಬೆರಳಲ್ಲಿ ತಿರುಗಿಸಿ, ಅಡಿ ಯಾವುದೆಂದು ನೋಡಿ, ಮಣ್ಣಿನಲ್ಲಿ ಕೂರಿಸುತ್ತಿದ್ದಳು. ಅವರೆಯನ್ನು ಹಾಗೆ ಯಾರು ಊರುತ್ತಾರೆ? ಎಸೆದರೂ ಹುಟ್ಟುತ್ತದೆ. ನಾನು ಅವಳಿಗೆ ಟೈಪಿಂಗ್ ಕಲಿಸಿದೆ, ಕರಡು ತಿದ್ದುವುದನ್ನು ಕಲಿಸಿದೆ, ಮೈಕಿನ ಮುಂದೆ ಉಸಿರು ಹಿಡಿಯುವುದನ್ನು ಕಲಿಸಿದೆ. ಎಲ್ಲವನ್ನೂ ಚೆನ್ನಾಗಿ ಮಾಡುತ್ತಾಳೆ. ಆದರೆ ಕೈ ನಿನ್ನದು. ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಇದನ್ನು ನಿನಗೆ ಬರೆಯಲೇಬಾರದು ಎಂದುಕೊಂಡಿದ್ದೆ.

ಬಳ್ಳಿಗೆ ಬೇರೆ ಏನೂ ಬೇಡ. ನೀರು ನಿಲ್ಲದಂತೆ ನೋಡಿಕೋ, ಮುಂದಿನ ವರ್ಷ ಹೂ ಬಂದರೂ ಮುಟ್ಟಬೇಡ, ಅದು ಸುಧಾರಿಸಿಕೊಳ್ಳಲಿ. ಇಷ್ಟೇ ನನಗೆ ಗೊತ್ತಿರುವುದು. ಇದಕ್ಕಿಂತ ಆಳಕ್ಕೆ ನಾನು ಯಾವುದರಲ್ಲೂ ಇಳಿದಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಪರವಾಗಿ ನಕ್ಕೆ. ಚೆನ್ನಾಗಿಯೇ ನಕ್ಕೆ, ರೇಡಿಯೋ ನಾಟಕ ಮಾಡಿದವಳಲ್ಲವೇ. ಹಪ್ಪಳದ ಡಬ್ಬಿಯನ್ನು ಅವಳು ಟ್ರಂಕಿಗೆ ಹಾಕಲಿಲ್ಲ, ಮಡಿಲಲ್ಲೇ ಇಟ್ಟುಕೊಂಡಳು. ಬಸ್ಸು ಹೊರಟಿತು. ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಇಷ್ಟು ವರ್ಷ ನನ್ನ ಜೊತೆ ಇದ್ದವಳು, ಏನೋ ಹೇಳುತ್ತಾಳೆ ಎಂದು ನಾನು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿದೆ.

"ಚಿಕ್ಕೀ, ಅಮ್ಮನ ಬಳ್ಳಿ ಚಿಗುರ್ತಾ ಕೇಳು! ಕೇಳಿ ನಂಗೆ ಬರಿ!" ಎಂದಳು.

ಚಿಗುರಿತೇ ಅಕ್ಕಾ? ಬೇಗ ಬರೆ. ಅವಳಿಗೆ ತಿಳಿಸಬೇಕು.

ನಿನ್ನ
ಜಲಜಾ